ಊರಲ್ಲಿ ಜ್ವರ ಎದ್ದರೆ ಮೊದಲು ನೋಟ್‌ಬುಕ್ ತೆಗೆಯಿರಿ

ಜುಲೈ ಬಂತೆಂದರೆ ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಎರಡೇ ಸುದ್ದಿ. ಯಾವ ರಸ್ತೆಗೆ ಮರ ಬಿತ್ತು, ಯಾವ ಊರಲ್ಲಿ ಜ್ವರ ಎದ್ದಿದೆ. ಮರದ ಸುದ್ದಿ ಸಾಮಾನ್ಯವಾಗಿ ನಿಜವೇ ಇರುತ್ತದೆ, ಜೊತೆಗೆ ಫೋಟೋ ಇರುತ್ತದಲ್ಲ. ಜ್ವರದ ಸುದ್ದಿ ಹಾಗಲ್ಲ. "ಪೂರ್ತಿ ಲೈನ್ ಮನೆಗೇ (ತೋಟದ ಕೆಲಸಗಾರರ ಸಾಲು ಮನೆ) ಬಂದಿದೆಯಂತೆ" ಎಂದು ಒಬ್ಬರು, "ಏನಿಲ್ಲ, ಸುಮ್ನೆ ಮಳೆ ಶೀತ" ಎಂದು ಇನ್ನೊಬ್ಬರು. ಇಬ್ಬರೂ ಎಣಿಸಿರುವುದಿಲ್ಲ.

ಎಣಿಸುವುದು ಹೇಗೆ, ಎಣಿಸಿದ ಮೇಲೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಪಂಚಾಯಿತಿ ಸದಸ್ಯರು, ತೋಟದ ಲೆಕ್ಕ ಬರೆಯುವ ರೈಟರುಗಳು, ಶಾಲೆ ಮೇಷ್ಟ್ರುಗಳು, ಸ್ವಸಹಾಯ ಸಂಘದವರು, ಯುವಕ ಸಂಘದ ಹುಡುಗರು, ಯಾರು ಬೇಕಾದರೂ ಮಾಡಬಹುದು. ಇದು ಡಾಕ್ಟರ ಕೆಲಸ ಅಲ್ಲ. ಡಾಕ್ಟರು ಕೇಳುವುದು "ನಿಮಗೆ ಏನಾಗಿದೆ" ಅಂತ. ಸಾರ್ವಜನಿಕ ಆರೋಗ್ಯದವರು ಕೇಳುವುದು ಬೇರೆ: ಊರಿಗೆ ಏನಾಗಿದೆ? ಈ ಲೈನಿನವರಿಗೇ ಯಾಕೆ ಬಂತು, ಪಕ್ಕದ ಲೈನಿನವರಿಗೆ ಯಾಕೆ ಬರಲಿಲ್ಲ? ಈ ವಾರವೇ ಯಾಕೆ? ಒಬ್ಬರಿಗೆ ಗ್ಲೂಕೋಸ್ ಹಾಕಿ ಎಬ್ಬಿಸಿ ಕೂರಿಸುವುದು ಆಸ್ಪತ್ರೆಯ ಪಾಲು, ಅದೇ ಬಾವಿ ನೀರು ಕುಡಿದು ನಾಳೆ ಇನ್ನೂ ಹತ್ತು ಜನ ಮಲಗದ ಹಾಗೆ ನೋಡಿಕೊಳ್ಳುವುದು ಊರಿನ ಪಾಲು. ಅಮೆರಿಕದ ಸಾರ್ವಜನಿಕ ಆರೋಗ್ಯ ತಜ್ಞ ಚಾರ್ಲ್ಸ್ ವಿನ್ಸ್ಲೋ 1920ರಲ್ಲಿ ಸಾರ್ವಜನಿಕ ಆರೋಗ್ಯ ಎಂದರೆ ಏನು ಅಂತ ಬರೆದಾಗ, ಇದೆಲ್ಲ ಆಗುವುದು ಸಮುದಾಯ ಸಂಘಟಿತವಾಗಿ ಕೆಲಸ ಮಾಡಿದಾಗ ಎಂದು ಒತ್ತಿ ಹೇಳಿದ್ದರು.

ಕಾಲೇಜಿನಲ್ಲಿ ಇದನ್ನು ಐದು ವಿಷಯಗಳಾಗಿ ಒಡೆದು ಕಲಿಸುತ್ತಾರೆ. ಎಪಿಡೆಮಿಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್, ಪರಿಸರ ಆರೋಗ್ಯ, ಸಮಾಜ ಮತ್ತು ನಡವಳಿಕೆ, ಆರೋಗ್ಯ ಆಡಳಿತ. ಹೆಸರು ಕೇಳಿ ಹೆದರಬೇಡಿ. ಯಾರಿಗೆ ಬಂತು, ಎಷ್ಟರಲ್ಲಿ ಎಷ್ಟು ಜನಕ್ಕೆ ಬಂತು, ಎಲ್ಲಿಂದ ಬಂತು, ಜನ ಯಾಕೆ ಹಾಗೆ ಮಾಡುತ್ತಾರೆ, ಯಾರಿಗೆ ಹೇಳಬೇಕು. ಐದೂ ಒಂದೇ ನೋಟ್‌ಬುಕ್ಕಿನಲ್ಲಿ ಹಿಡಿಸುತ್ತವೆ.

ಯಾರನ್ನು ಎಣಿಸಬೇಕು

ಮೊದಲು ಗೆರೆ ಎಳೆಯಿರಿ. "ಜ್ವರ" ಅಂತ ಬರೆದುಕೊಂಡು ಹೊರಟರೆ ಮೂಗು ಸೋರಿದವರೆಲ್ಲ ಪಟ್ಟಿಗೆ ಬರುತ್ತಾರೆ. ಯಾವ ತಾರೀಕಿನಿಂದ, ಯಾವ ಜಾಗದಲ್ಲಿ, ಏನೇನು ತೊಂದರೆ ಇದ್ದವರನ್ನು ಎಣಿಸುತ್ತೇವೆ ಅಂತ ಒಂದು ಸಾಲು ಬರೆಯಿರಿ. ಉದಾಹರಣೆಗೆ: ಜುಲೈ 1ರಿಂದ ಈಚೆಗೆ, ನಮ್ಮ ವಾರ್ಡಿನಲ್ಲಿ, ಎರಡು ದಿನ ಅಥವಾ ಜಾಸ್ತಿ ಜ್ವರ, ಜೊತೆಗೆ ಮೈಕೈ ನೋವು. ಭೇದಿಗಾದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೇ ಇದೆ, 24 ಗಂಟೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರಾಗಿ ಆಗಬೇಕು. ಗೆರೆ ಒಮ್ಮೆ ಎಳೆದ ಮೇಲೆ ಎಲ್ಲ ಮನೆಗೂ ಅದೇ. ಗುರುತಿನವರ ಮನೆಗೆ ಒಂದು, ಆದಿವಾಸಿಗಳ ಹಾಡಿಗೆ ಇನ್ನೊಂದು ಅಂತ ಇಲ್ಲ.

ಒಬ್ಬೊಬ್ಬರಿಗೂ ಒಂದು ಸಾಲು. ವಯಸ್ಸು, ಗಂಡೋ ಹೆಣ್ಣೋ, ಮನೆ ಎಲ್ಲಿ, ಏನೇನು ತೊಂದರೆ, ಕುಡಿಯುವ ನೀರು ಎಲ್ಲಿಂದ, ಕಳೆದ ಎರಡು ವಾರ ಎಲ್ಲಿ ಕೆಲಸ ಮಾಡಿದರು, ಯಾವ ದಿನ ಮಲಗಿದರು. ಈ ಕೊನೆಯದನ್ನು ಜಾಸ್ತಿ ಜನ ತಪ್ಪಾಗಿ ಬರೆಯುತ್ತಾರೆ. ಆಸ್ಪತ್ರೆಗೆ ಹೋದ ದಿನವನ್ನು ಬರೆದುಬಿಡುತ್ತಾರೆ. ನಮ್ಮಲ್ಲಿ ಜ್ವರ ಬಂದ ದಿನಕ್ಕೂ ಆಸ್ಪತ್ರೆಗೆ ಹೋದ ದಿನಕ್ಕೂ ನಡುವೆ ನಾಲ್ಕು ದಿನ ಆದರೂ ಆಗಿರುತ್ತದೆ, ಯಾಕೆಂದರೆ ಬಸ್ಸಿಲ್ಲ, ಮಳೆ ಬಿಟ್ಟಿಲ್ಲ, ವಾರದ ಬಟವಾಡೆ ಆಗಿಲ್ಲ. ನಿಮಗೆ ಬೇಕಾದದ್ದು ಮೈ ಬಿಸಿಯಾದ ದಿನ.

ಆಮೇಲೆ ಮಕ್ಕಳ ಲೆಕ್ಕದ ಪುಸ್ತಕದಿಂದ ಒಂದು ಚೌಕದ ಹಾಳೆ ಹರಿದುಕೊಳ್ಳಿ. ಕೆಳಗೆ ಉದ್ದಕ್ಕೆ ತಾರೀಕು ಬರೆಯಿರಿ. ಮಲಗಿದ ದಿನದ ಮೇಲೆ ಒಬ್ಬರಿಗೆ ಒಂದು ಚೌಕ ತುಂಬುತ್ತಾ ಹೋಗಿ. ಚೌಕಗಳು ಒಂದೆರಡು ದಿನದಲ್ಲೇ ಥಟ್ಟನೆ ಏರಿ ಬೇಗ ಇಳಿದರೆ, ಎಲ್ಲರೂ ಒಂದೇ ಕಡೆ ಏನನ್ನೋ ತಿಂದಿದ್ದಾರೆ ಅಥವಾ ಕುಡಿದಿದ್ದಾರೆ ಅಂತ ಅನುಮಾನ ಪಡಬೇಕು. ನಿಧಾನಕ್ಕೆ ಏರಿ, ಸ್ವಲ್ಪ ಇಳಿದು, ಮತ್ತೆ ಏರಿದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿರಬಹುದು, ಇಲ್ಲವೇ ಸೊಳ್ಳೆ ದಾಟಿಸುತ್ತಿರಬಹುದು. ಕಾಮಾಲೆ ಬಂದಾಗ ಇನ್ನೊಂದು ವಿಷಯ ನೆನಪಿಡಿ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದ 15ರಿಂದ 50 ದಿನದ ಮೇಲೆ ಲಕ್ಷಣ ಕಾಣುತ್ತದೆ. ಹಾಗಾಗಿ ಈ ವಾರ ಬಾವಿ ನೀರು ಪರೀಕ್ಷೆ ಮಾಡಿಸಿ "ನೀರು ಚೆನ್ನಾಗಿದೆ" ಅಂದುಬಿಟ್ಟರೆ ಕೆಲಸ ಮುಗಿಯಲಿಲ್ಲ, ಹೋದ ತಿಂಗಳು ಆ ಮನೆಗಳವರು ಎಲ್ಲಿಯ ನೀರು ಕುಡಿದಿದ್ದರು ಅಂತ ಕೇಳಬೇಕು.

ಇನ್ನೊಂದು ಹಾಳೆಯಲ್ಲಿ ಕೈಯಿಂದಲೇ ನಕ್ಷೆ. ಲೈನ್, ಬಾವಿ, ತೋಡು, ಕಕ್ಕಸು ಗುಂಡಿ, ಗದ್ದೆ. ಮಲಗಿದವರ ಮನೆಗೆ ಒಂದು ಚುಕ್ಕೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ಜಾನ್ ಸ್ನೋ ಎಂಬ ಡಾಕ್ಟರು ಹೀಗೇ ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋದರು. ಹೆಚ್ಚಿನವರು ಒಂದೇ ಕೈಪಂಪಿನ ಸುತ್ತ ಇದ್ದರು. ಸೆಪ್ಟೆಂಬರ್ 8ರಂದು ಅದರ ಹಿಡಿಕೆ ಕಳಚಿಸಲಾಯಿತು. ಆ ಹೊತ್ತಿಗೆ ಜನ ಗುಳೆ ಹೋಗಿ ರೋಗ ಆಗಲೇ ಇಳಿಯತೊಡಗಿತ್ತು, ಅದನ್ನು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ಕಾಲರಾಕ್ಕೆ ರೋಗಾಣು ಕಾರಣ ಎಂದು ಎಲ್ಲರೂ ಒಪ್ಪಲು ಆಮೇಲೂ ದಶಕಗಳೇ ಬೇಕಾದವು. ರೋಗಾಣುವಿನ ಹೆಸರು ಗೊತ್ತಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ ಅಂತ ತೋರಿಸಿಕೊಟ್ಟವರು ಅವರು.

ಎಷ್ಟರಲ್ಲಿ ಎಷ್ಟು

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ, ಕೊಡಗಿನಲ್ಲಿ ಜಾಸ್ತಿ ಎಡವುವುದೂ ಇಲ್ಲೇ.

ಒಂದು ತೋಟದಲ್ಲಿ 12 ಜನಕ್ಕೆ ಜ್ವರ, ಪಕ್ಕದ ತೋಟದಲ್ಲಿ 8 ಜನಕ್ಕೆ ಅಂತಿಟ್ಟುಕೊಳ್ಳಿ. ಜೀಪು ಮೊದಲು ಎಲ್ಲಿಗೆ ಹೋಗಬೇಕು? 12 ಇರುವ ಕಡೆಗೆ ಅನ್ನಿಸುತ್ತದೆ. ಆದರೆ ಮೊದಲ ತೋಟದಲ್ಲಿ ಇರುವವರು 400, ಎರಡನೆಯದರಲ್ಲಿ 100. ಅಂದರೆ ನೂರಕ್ಕೆ 3 ಮತ್ತು ನೂರಕ್ಕೆ 8. ಜೀಪು ಎರಡನೆಯ ಕಡೆಗೇ ಹೋಗಬೇಕು. ಮೇಲಿನ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ, ಕೆಳಗಿನ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಆ ಕೆಳಗಿನ ಸಂಖ್ಯೆ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಸರಿ, ಆದರೆ ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲಿನಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ, ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ ಬಂದು ಲೈನಿನಲ್ಲಿ ಇರುವವರು ಯಾವ ಲೆಕ್ಕದಲ್ಲಿ ಇದ್ದಾರೆ? ಮತದಾರರ ಪಟ್ಟಿಯಲ್ಲಿ ಇಲ್ಲ. ರೇಷನ್ ಕಾರ್ಡು ಊರಿನಲ್ಲಿದೆ. ತೋಟದ ಚೆಕ್‌ರೋಲಿನಲ್ಲಿ ಕೆಲಸಕ್ಕೆ ಬಂದವರ ಹೆಸರಿರುತ್ತದೆ, ಅವರ ಜೊತೆ ಬಂದ ಎರಡು ವರ್ಷದ ಮಗು ಇರುವುದಿಲ್ಲ. ಭೇದಿ ಬಂದರೆ ಮೊದಲು ಒಣಗಿಹೋಗುವುದು ಆ ಮಗುವೇ.

ಹಾಗಾಗಿ ಯಾವ ಪಟ್ಟಿಯನ್ನೂ ನಂಬಬೇಡಿ, ಬಾಗಿಲಿಗೆ ಹೋಗಿ ಕೇಳಿ. "ಎಷ್ಟು ಜನ ಇದ್ದೀರಿ" ಅಂತ ಕೇಳಿದರೆ ಕಡಿಮೆ ಹೇಳುತ್ತಾರೆ, ಯಾಕೆ ಕೇಳುತ್ತಿದ್ದಾರೋ ಅಂತ ಭಯ ಇರುತ್ತದೆ. "ನಿನ್ನೆ ರಾತ್ರಿ ಇಲ್ಲಿ ಎಷ್ಟು ಜನ ಮಲಗಿದ್ದರು, ಮಕ್ಕಳು ಎಷ್ಟು" ಅಂತ ಕೇಳಿ. ಸರಿಯಾದ ಲೆಕ್ಕ ಬರುತ್ತದೆ.

ಎರಡು ಎಚ್ಚರಿಕೆ. ಐದು ಜನ ಇರುವ ಮನೆಯಲ್ಲಿ ಇಬ್ಬರಿಗೆ ಜ್ವರ ಬಂದರೆ ಅದು ನೂರಕ್ಕೆ 40 ಅಂತ ಗ್ರೂಪಿಗೆ ಹಾಕಿ ಊರನ್ನು ಎಬ್ಬಿಸಬೇಡಿ, ಇಷ್ಟು ಸಣ್ಣ ಲೆಕ್ಕದಲ್ಲಿ ಶೇಕಡಾವಾರು ಹೇಳಬಾರದು. ಇನ್ನೊಂದು, ಹೊಸದಾಗಿ ಬಂದವರು ಬೇರೆ, ಈಗ ಇರುವವರು ಬೇರೆ. ಜ್ವರಕ್ಕೆ ಈ ವಾರ ಹೊಸದಾಗಿ ಮಲಗಿದವರನ್ನು ಎಣಿಸಿ. ಬಿಪಿ, ಶುಗರ್ ತರದ ಉಳಿದುಹೋಗುವ ಕಾಯಿಲೆಗೆ ಇವತ್ತು ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ. ಎರಡನ್ನೂ ಕಲಸಿದರೆ ಯಾವುದಕ್ಕೂ ಉಪಯೋಗವಿಲ್ಲ.

ಮದುವೆ ಊಟದ ಲೆಕ್ಕ

ಮದುವೆ ಮುಗಿದ ಮಾರನೇ ದಿನ ನೆಂಟರಿಗೆಲ್ಲ ವಾಂತಿ ಭೇದಿ. ತಕ್ಷಣ ಎಲ್ಲರೂ ಹೇಳುವುದು "ಪಂದಿ ಕರಿ (ಹಂದಿ ಸಾರು) ಸರಿ ಇರಲಿಲ್ಲ" ಅಂತ. ಇರಬಹುದು, ಇಲ್ಲದೆಯೂ ಇರಬಹುದು. ಕಾಯಿಲೆ ಬಿದ್ದವರನ್ನು ಮಾತ್ರ ಕೇಳಿದರೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿರುವವರನ್ನೂ ಕೇಳಬೇಕು. ಎಲ್ಲ ಲೆಕ್ಕದ ಗುಟ್ಟೂ ಇದೇ.

ಸುಮ್ನೆ ಒಂದು ಲೆಕ್ಕ ಹಾಕೋಣ. 100 ಜನ ಸಿಕ್ಕರು, 30 ಜನಕ್ಕೆ ಕಾಯಿಲೆ. ಪಂದಿ ತಿಂದವರು 60, ಅವರಲ್ಲಿ ಮಲಗಿದವರು 18. ನೂರಕ್ಕೆ 30. ತಿನ್ನದವರು 40, ಅವರಲ್ಲಿ ಮಲಗಿದವರು 12. ಅದೂ ನೂರಕ್ಕೆ 30. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪಂದಿ ನಿರಪರಾಧಿ. ಈಗ ಬಾಗಿಲಲ್ಲಿ ಕೊಟ್ಟ ಐಸ್ ಹಾಕಿದ ಜ್ಯೂಸ್ ನೋಡಿ. ಕುಡಿದವರು 50, ಮಲಗಿದವರು 27, ಅಂದರೆ ನೂರಕ್ಕೆ 54. ಕುಡಿಯದವರು 50, ಮಲಗಿದವರು 3, ನೂರಕ್ಕೆ 6. ಕುಡಿದವರಿಗೆ ಒಂಬತ್ತು ಪಟ್ಟು ಜಾಸ್ತಿ. ಇನ್ನು ಐಸ್ ಎಲ್ಲಿಂದ ಬಂತು, ಯಾವ ನೀರಿನಲ್ಲಿ ಮಾಡಿದ್ದು ಅಂತ ಹುಡುಕಬೇಕು. ಕಡಂಬುಟ್ಟು, ನೂಪುಟ್ಟು, ಪಲ್ಯ, ಐಸ್‌ಕ್ರೀಮ್, ಒಂದೊಂದಕ್ಕೂ ಇದೇ ನಾಲ್ಕು ಸಂಖ್ಯೆ. ಅಡುಗೆಯವರ ಮೇಲೆ ಜಗಳಕ್ಕೆ ಹೋಗುವ ಮೊದಲು ಇದನ್ನು ಮಾಡಿ.

ಬಾವಿ

ಪರಿಸರ ಆರೋಗ್ಯ ಅಂದರೆ ನೀರು, ಕಕ್ಕಸು, ಗಾಳಿ, ಕಸ, ಮನೆ, ಕೆಲಸದ ಜಾಗ ಎಲ್ಲ ಸೇರುತ್ತದೆ. ಕುಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ತೋಡಿಗೆ ಬಿಟ್ಟು ಕೆಳಗಿನವರಿಗೆ ನಾತ ಹೊಡೆಯುವುದೂ ಇದರಲ್ಲೇ ಬರುತ್ತದೆ. ಆದರೆ ಮಳೆಗಾಲದಲ್ಲಿ ಮೊದಲು ಬಾವಿ ನೋಡಿ.

ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇರಬೇಕು. ಬೆಟ್ಟದ ನಾಡಿನಲ್ಲಿ ಅಷ್ಟೇ ಸಾಲದು, ಗುಂಡಿ ಬಾವಿಗಿಂತ ಕೆಳಗೆ ಇರಬೇಕು. ಲೈನ್ ಕಟ್ಟುವಾಗ ಮೇಲೆ ಮನೆ, ಅದರ ಹಿಂದೆ ಕಕ್ಕಸು, ಇಳಿಜಾರಿನ ಕೆಳಗೆ ಬಾವಿ ಅಂತ ಮಾಡಿರುತ್ತಾರೆ. ಮಳೆ ನೀರು ಇಳಿದು ಎಲ್ಲಿಗೆ ಹೋಗುತ್ತದೆ ಹೇಳಿ.

ಬ್ಲೀಚಿಂಗ್ ಪೌಡರ್ ಹಾಕುವುದು ಎಲ್ಲರಿಗೂ ಗೊತ್ತು, ಎಷ್ಟು ಹಾಕಬೇಕು ಅಂತ ಗೊತ್ತಿಲ್ಲ. ಮುಷ್ಟಿ ಲೆಕ್ಕ ಬೇಡ. ದುಂಡು ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಆಳ ಅಳೆಯಿರಿ. ಅಗಲವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಆಳದಿಂದ ಗುಣಿಸಿ, ಅದನ್ನು 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ. ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ 9,420 ಲೀಟರ್. ಒಳ್ಳೆಯ ಪೌಡರ್ ಆದರೆ 1,000 ಲೀಟರಿಗೆ 2.5 ಗ್ರಾಂ. ಅಂದರೆ ಈ ಬಾವಿಗೆ ಸುಮಾರು 24 ಗ್ರಾಂ. ನೀರು ಕೆಂಪಗೆ ಕದಡಿದ್ದರೆ ಇಷ್ಟು ಸಾಲುವುದಿಲ್ಲ, ಆಗ ಆರೋಗ್ಯ ನಿರೀಕ್ಷಣಾಧಿಕಾರಿಯನ್ನು ಕೇಳಿ ಹಾಕಿ.

ನೇರವಾಗಿ ಬಾವಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿಸಿ ಕದಡಿ, ಐದು ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಲ್ಲಿ ಬಾವಿಯೊಳಗೆ ಇಳಿಸಿ, ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಆಮೇಲೆ ಕ್ಲೋರಿನ್ ಕಿಟ್ಟಿನಲ್ಲಿ ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಇನ್ನೊಂದು ಮಾತು, ಬಾಯಿ ಬಿಚ್ಚಿಟ್ಟ ಮೂಟೆಯ ಪೌಡರ್ ನಮ್ಮ ಜುಲೈ ತಿಂಗಳ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ವಾಸನೆಯೇ ಇಲ್ಲದ ಪೌಡರನ್ನು ಎಷ್ಟು ಸುರಿದರೂ ಅದು ಬರೀ ಸುಣ್ಣ.

ಗುಡ್ಡದ ಒರತೆಯಿಂದ ಪೈಪ್ ಎಳೆದುಕೊಂಡವರಿಗೆ ಈ ಲೆಕ್ಕ ಆಗುವುದಿಲ್ಲ, ಟ್ಯಾಂಕಿನಲ್ಲಿ ನಿಂತ ನೀರಿಗೆ ಮಾತ್ರ ಆಗುತ್ತದೆ. ಯಾವುದೂ ಆಗದಿದ್ದರೆ ಕುದಿಸಿ, ಕೊತಕೊತ ಅಂತ ಒಂದು ನಿಮಿಷ ಕುದಿದರೆ ಸಾಕು.

ಭೇದಿಯಾದವರಿಗೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡ ಕಲಸಿದ ಇಂಥದೇ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಲ್ಲೇ ಕುಡಿಸಿದರು, ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು.

ಸೊಳ್ಳೆ, ಇಲಿ, ಮಂಗ

ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ತೆಗೆದುಕೊಳ್ಳುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನುವುದು. ಡ್ರಮ್ಮು, ಟಯರು ಎಲ್ಲರಿಗೂ ನೆನಪಾಗುತ್ತದೆ. ಬಿದ್ದ ಅಡಿಕೆ ಹಾಳೆ, ರಬ್ಬರ್ ಚಿಪ್ಪು, ನರ್ಸರಿ ಮೇಲೆ ಹೊದಿಸಿದ ಪ್ಲಾಸ್ಟಿಕ್ಕಿನ ಮಡಿಕೆ ನೆನಪಾಗುವುದಿಲ್ಲ. 40 ಮನೆ ನೋಡಿದಾಗ 6ರಲ್ಲಿ ಸೊಳ್ಳೆ ಮರಿ ಹುಳ ಸಿಕ್ಕರೆ ಮನೆ ಸೂಚ್ಯಂಕ, ಅಂದರೆ ನೂರು ಮನೆಗೆ ಹುಳ ಇರುವ ಮನೆಗಳ ಲೆಕ್ಕ, 15. ಮುಂದಿನ ವಾರ ಅದೇ ಮನೆಗಳನ್ನು ನೋಡಿ, ಇಳಿದಿದೆಯಾ ಅಂತ. ಫಾಗಿಂಗ್ ಮಾಡಿಸಿ ಎಂದು ಕೂಗಾಡುವವರಿಗೆ ಒಂದು ಮಾತು: ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಹುಳ ಆರಾಮಾಗಿ ಇರುತ್ತದೆ. ಫೋಟೋಗೆ ಚೆನ್ನಾಗಿ ಬರುತ್ತದೆ, ಅಷ್ಟೇ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿದೆ.

ನಾಟಿ ಸಮಯದಲ್ಲಿ ಇಲಿ ಜ್ವರದ ಮೇಲೆ ಕಣ್ಣಿಡಿ. ಇಲಿ, ದನಗಳ ಮೂತ್ರ ಸೇರಿದ ಕೆಸರು ನೀರಿನಿಂದ ರೋಗಾಣು ಗಾಯದ ಮೂಲಕ ಮೈಗೆ ಹೋಗುತ್ತದೆ. ಜ್ವರದ ಜೊತೆ ಮೀನಖಂಡ ಹಿಡಿದುಕೊಂಡಂತೆ ನೋವು, ಕಣ್ಣು ಕೆಂಪು ಇದ್ದರೆ, ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ತಡವಾದರೆ ಕಿಡ್ನಿ, ಲಿವರ್ ಕೆಡುತ್ತದೆ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ಹೇಳಿ. ಉಣ್ಣೆ ಹುಳದಿಂದ (ಉಣುಗು) ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿದ್ದು ಮಂಗಗಳು ಸಾಯತೊಡಗಿದಾಗಲೇ, 2012ರಲ್ಲಿ ಅದು ಬಂಡೀಪುರದ ಕಡೆಗೂ ಬಂತು.

ರೋಗ ಬರುವ ಮೊದಲೇ ತಡೆಯುವುದು, ಬಂದದ್ದನ್ನು ಬೇಗ ಹಿಡಿಯುವುದು, ಬಂದ ಮೇಲೆ ಮನುಷ್ಯ ಕುಂದದ ಹಾಗೆ ನೋಡಿಕೊಳ್ಳುವುದು, ಹೀಗೆ ಮೂರು ಹಂತ ಅಂತ ಪುಸ್ತಕದಲ್ಲಿ ಇರುತ್ತದೆ. ಮೇಲಿನದರಲ್ಲಿ ಹೆಚ್ಚಿನದು ಮೊದಲ ಹಂತ. ಎರಡನೆಯದಕ್ಕೆ ಹತ್ತಿರದ ಉದಾಹರಣೆ ಹಾಡಿಗಳಲ್ಲಿ ಮಾಡುವ ಸಿಕಲ್ ಸೆಲ್ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ರಕ್ತ ಪರೀಕ್ಷೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 40 ವರ್ಷದವರೆಗಿನವರ ರಕ್ತ ನೋಡುತ್ತಾರೆ.

ಹೇಳಿದ್ದು ಯಾಕೆ ಕೇಳುವುದಿಲ್ಲ

"ಎಷ್ಟು ಹೇಳಿದರೂ ನೀರು ಕುದಿಸಲ್ಲ, ಇವರಿಗೆ ಬುದ್ಧಿ ಇಲ್ಲ" ಅಂತ ಮೀಟಿಂಗುಗಳಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಲೈನಿನ ಒಳಗೆ ಹೋಗಿ ನೋಡಿ. ಸೌದೆ ಒದ್ದೆ. ಇರುವ ಒಂದು ಒಲೆಯಲ್ಲಿ ಅನ್ನ ಆಗಬೇಕು, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಇರಬೇಕು. ಬುದ್ಧಿಯದಲ್ಲ, ಸೌದೆಯದು ಸಮಸ್ಯೆ. ತೋಟದವರು ಒಂದು ದೊಡ್ಡ ಹಂಡೆ ಇಟ್ಟು, ಒಣ ಸೌದೆ ಕೊಟ್ಟು, ಇಡೀ ಲೈನಿಗೆ ಬೇಕಾದ ನೀರು ಒಬ್ಬರಿಂದ ಕುದಿಸಿ ಕೊಟ್ಟರೆ ಭಾಷಣದ ಅಗತ್ಯವೇ ಇಲ್ಲ. ಜ್ವರ ಬಂದರೂ ರಕ್ತ ಪರೀಕ್ಷೆಗೆ ಹೋಗದಿರುವುದಕ್ಕೂ ಹೀಗೇ ಕಾರಣ ಇರುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ. ಹಾಜರಿ ಕೊಟ್ಟು ಕಳಿಸುತ್ತೀರಾ?

ಹಗಲಲ್ಲಿ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ, ಸಂಜೆ ಹೋಗಿ. ಕನ್ನಡ ಬಾರದವರ ಹತ್ತಿರ ಅವರ ಭಾಷೆಯವರನ್ನೇ ಕರೆದುಕೊಂಡು ಹೋಗಿ, ಎರವ ಭಾಷೆಯೋ ಮಲಯಾಳವೋ ಅಸ್ಸಾಮಿಯೋ. ಗ್ರೂಪಿಗೆ ಯಾರ ಹೆಸರನ್ನೂ ಫೋಟೋವನ್ನೂ ಹಾಕಬೇಡಿ. ಹೆಸರು ನೋಟ್‌ಬುಕ್ಕಿನಲ್ಲಿ ಇರಲಿ, ನೋಟ್‌ಬುಕ್ ನಿಮ್ಮ ಹತ್ತಿರವೇ ಇರಲಿ. ಒಮ್ಮೆ ಹೆಸರು ಹೊರಗೆ ಬಂದರೆ ಮುಂದಿನ ಸಲ ಯಾರೂ ಬಾಗಿಲು ತೆರೆಯುವುದಿಲ್ಲ.

2018ರ ಆಗಸ್ಟಿನಂತೆ ಮತ್ತೆ ಗುಡ್ಡ ಕುಸಿದು ಜನ ಶಾಲೆ, ಕಲ್ಯಾಣ ಮಂಟಪ ಸೇರಬೇಕಾದರೆ ಎರಡು ಅಳತೆ ನೆನಪಿಡಿ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಕಕ್ಕಸು. ನೆರವು ಶಿಬಿರಗಳಿಗೆ ಜಗತ್ತಿನ ಎಲ್ಲ ಕಡೆ ಬಳಸುವ ಅಳತೆ ಇದು. ಬಟ್ಟೆ, ಬಿಸ್ಕತ್ತು ಲಾರಿಗಟ್ಟಲೆ ಬರುತ್ತದೆ, ಕಕ್ಕಸು ಮಾತ್ರ ಯಾರೂ ಕಳಿಸುವುದಿಲ್ಲ.

ಯಾರಿಗೆ ಹೇಳಬೇಕು

ಮೊದಲು ಆಶಾ ಕಾರ್ಯಕರ್ತೆಗೆ. ಸಾಮಾನ್ಯವಾಗಿ ಸಾವಿರ ಜನಕ್ಕೆ ಒಬ್ಬರು ಇರುತ್ತಾರೆ. ಅವರಿಂದ ಉಪಕೇಂದ್ರದ ಸಿಸ್ಟರಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ, ಮಡಿಕೇರಿಯ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ. ನಮ್ಮಂಥ ಗುಡ್ಡಗಾಡಿಗೆ 3,000 ಜನಕ್ಕೊಂದು ಉಪಕೇಂದ್ರ, 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಅಂತ ನಿಯಮ, ಬಯಲು ಸೀಮೆಯಲ್ಲಿ ಅದು 5,000 ಮತ್ತು 30,000. ನೀರಿನ ವಿಷಯ ಪಿಡಿಒ ಮತ್ತು ನೀರುಗಂಟಿಯದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದು ಇದೆ, ನಿಮ್ಮ ಊರಲ್ಲಿ ಅದರ ಸದಸ್ಯರು ಯಾರು ಅಂತ ಆಶಾ ಅವರನ್ನೇ ಕೇಳಿ. ತುರ್ತಿಗೆ 108, ಸಲಹೆಗೆ ಮತ್ತು ದೂರಿಗೆ 104.

"ಸಾರ್, ಇಲ್ಲಿ ತುಂಬಾ ಜನಕ್ಕೆ ಹುಷಾರಿಲ್ಲ, ಬೇಗ ಬನ್ನಿ" ಅಂತ ಫೋನ್ ಮಾಡಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆದು ಕಳಿಸಿ:

"ವಾರ್ಡ್ 3, ಮೇಲಿನ ಲೈನ್. ಜುಲೈ 8ರಿಂದ 12ರವರೆಗೆ ದಿನಕ್ಕೆ ಮೂರು ಅಥವಾ ಜಾಸ್ತಿ ಸಲ ಭೇದಿ ಆದವರು 9 ಜನ. ಲೈನಿನಲ್ಲಿ ರಾತ್ರಿ ಮಲಗುವವರು 62. ಮೊದಲನೆಯವರು 8ಕ್ಕೆ, ಜಾಸ್ತಿ ಜನ 10ಕ್ಕೆ. 5 ವರ್ಷದೊಳಗಿನವರು 4. ಮಲದಲ್ಲಿ ರಕ್ತ ಯಾರಿಗೂ ಇಲ್ಲ. 9ರಲ್ಲಿ 8 ಜನ ತೆರೆದ ಬಾವಿಯ ನೀರು ಕುಡಿದವರು. ಬೋರ್‌ವೆಲ್ ನೀರು ಕುಡಿಯುವ ಕೆಳಗಿನ ಲೈನಿನಲ್ಲಿ 50ರಲ್ಲಿ ಒಬ್ಬರಿಗೆ ಮಾತ್ರ. ಬಾವಿ ಬಳಕೆ ಇವತ್ತು ಬೆಳಿಗ್ಗೆಯಿಂದ ನಿಲ್ಲಿಸಿದ್ದೇವೆ. ನೀರಿನ ಸ್ಯಾಂಪಲ್ ತೆಗೆಯಲು ಯಾರನ್ನಾದರೂ ಕಳಿಸಿ."

ಪಿಡಿಒಗೂ ಇದನ್ನೇ ಕಳಿಸಿ. ಸ್ಯಾಂಪಲ್ ತೆಗೆಯುವ ತನಕ ಬಾವಿಗೆ ಬ್ಲೀಚಿಂಗ್ ಹಾಕಬೇಡಿ, ಹಾಕಿದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಕಳಿಸಿದರೆ ಒಳ್ಳೆಯದು, ಆಮೇಲೆ ಅವರು ಫೀಲ್ಡಿಗೆ ಹೊರಟಿರುತ್ತಾರೆ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.